ಕಾಫಿಯ ನಾಡಿನಲ್ಲಿ ಮದ್ಯದ ಚರಿತ್ರೆ

ಸಕಲೇಶಪುರ, ಆಲೂರು ಸೀಮೆಯ ಇತಿಹಾಸವೆಂದರೆ ಮಂಜರಾಬಾದ್ ಕೋಟೆ, ಹೇಮಾವತಿ ನದಿ, ಕಾಫಿ ಮತ್ತು ಏಲಕ್ಕಿ ತೋಟಗಳು, ಭತ್ತದ ಗದ್ದೆಗಳು ಕಣ್ಣ ಮುಂದೆ ಬರುತ್ತವೆ. ಇವುಗಳ ನೆರಳಿನಲ್ಲೇ ಬೆಳೆದು ಬಂದ ಇನ್ನೊಂದು ಇತಿಹಾಸವಿದೆ. ಅದು ಕಳ್ಳು, ಸಾರಾಯಿ, ಬ್ರಾಂದಿಯ ಇತಿಹಾಸ. ಯಾವ ಪಠ್ಯಪುಸ್ತಕದಲ್ಲೂ ಅದನ್ನು ಪಾಠವಾಗಿ ಇಟ್ಟಿಲ್ಲ. ಆದರೆ ಈ ಮಲೆಗಳ ಎಷ್ಟೋ ಮನೆಗಳ ಏಳುಬೀಳು ಅದರಲ್ಲಿ ಅಡಗಿದೆ.

ನಮ್ಮ ಮನೆಗಳಲ್ಲಿ ಮದ್ಯದ ಮಾತು ಬಂದರೆ ‘ಹರಾಮ್’ ಎಂಬ ಒಂದು ಪದದಲ್ಲಿ ಅದು ಮುಗಿಯುತ್ತದೆ. ಧರ್ಮದ ತೀರ್ಪು ಸ್ಪಷ್ಟವಾಗಿರುವುದರಿಂದ ಅದನ್ನು ಚರ್ಚಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಮಾತು ಮುಗಿದಲ್ಲಿ ತಿಳಿವಳಿಕೆಯೂ ಮುಗಿದುಬಿಡುತ್ತದೆ. ಹಾಸನ, ಮಂಗಳೂರು, ಬೆಂಗಳೂರಿನ ಹಾಸ್ಟೆಲುಗಳಿಗೆ ಹೋಗುವ ನಮ್ಮ ಮಕ್ಕಳು ಎಲ್ಲ ಬಗೆಯ ಸ್ನೇಹಿತರ ನಡುವೆ ಬದುಕುತ್ತಾರೆ. ಅವರಿಗೆ ತೀರ್ಪಿನ ಜೊತೆಗೆ ಅರಿವೂ ಬೇಕು. ಆ ಅರಿವಿಗೆ ಇತಿಹಾಸ ಒಳ್ಳೆಯ ದಾರಿ.

ಪದಗಳು ಹೇಳುವ ಕಥೆ

‘ಆಲ್ಕೋಹಾಲ್’ ಎಂಬ ಪದ ಅರಬಿಯ ‘ಅಲ್-ಕುಹ್ಲ್’ ಎಂಬುದರಿಂದ ಬಂದಿದೆ. ಅದರ ಮೂಲ ಅರ್ಥ ಕಣ್ಣಿಗೆ ಹಚ್ಚುವ ನುಣ್ಣನೆಯ ಸುರ್ಮಾ. ಯುರೋಪಿನ ರಸಾಯನ ಪಂಡಿತರ ಕೈಯಲ್ಲಿ ಆ ಪದ ಮೊದಲು ‘ಸಾರ’ ಎಂಬ ಅರ್ಥ ಪಡೆಯಿತು, ನಂತರ ಮದ್ಯಸಾರದ ಹೆಸರಾಯಿತು. ಬಟ್ಟಿ ಇಳಿಸುವ ಪಾತ್ರೆಯ ‘ಅಲೆಂಬಿಕ್’ ಎಂಬ ಹೆಸರೂ ಅರಬಿಯ ‘ಅಲ್-ಅನ್ಬೀಕ್’ನಿಂದ ಬಂದದ್ದೇ. 9ನೇ ಶತಮಾನದಲ್ಲಿ ಅಲ್-ಕಿಂದಿಯಂತಹ ವಿದ್ವಾಂಸರು ಬಟ್ಟಿ ಇಳಿಸುವ ವಿದ್ಯೆಯನ್ನು ಬಳಸಿದ್ದು ಅತ್ತರು, ಪನ್ನೀರು, ಔಷಧಿಗಳಿಗಾಗಿ. ಅದೇ ವಿದ್ಯೆ ಮುಂದೆ ಜಗತ್ತಿನಾದ್ಯಂತ ಸಾರಾಯಿಯ ಭಟ್ಟಿಗೂ ದಾರಿಯಾಯಿತು. ವಿದ್ಯೆ ಒಂದೇ ಆದರೂ ಅದನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ.

ನಮ್ಮ ಕಚೇರಿಗಳ ಫಲಕದ ಮೇಲಿರುವ ‘ಅಬಕಾರಿ’ ಪಾರಸಿ ಪದ. ‘ಆಬ್’ ಎಂದರೆ ನೀರು. ‘ಶರಾಬು’ ಮತ್ತು ‘ಶರಬತ್ತು’ ಎರಡೂ ‘ಕುಡಿ’ ಎಂಬ ಅರ್ಥದ ಒಂದೇ ಅರಬಿ ಧಾತುವಿನಿಂದ ಹುಟ್ಟಿದ ಅಕ್ಕತಂಗಿಯರು. ಒಂದನ್ನು ಇಫ್ತಾರಿನಲ್ಲಿ ಹಂಚುತ್ತೇವೆ, ಇನ್ನೊಂದನ್ನು ದೂರವಿಡುತ್ತೇವೆ.

ನಮ್ಮ ನಾಡಿನ ಕಾಫಿಯ ಹೆಸರು ಅರಬಿಯ ‘ಕಹ್ವಾ’ದಿಂದ ಬಂದದ್ದು. ಯಮನ್ ದೇಶದ ಸೂಫಿಗಳು ರಾತ್ರಿಯ ಆರಾಧನೆಯಲ್ಲಿ ನಿದ್ರೆ ಬಾರದಿರಲೆಂದು ಇದನ್ನು ಕುಡಿಯುತ್ತಿದ್ದರು. ಇದೂ ಅಮಲಿನ ಪಾನೀಯವೇ ಇರಬಹುದೆಂಬ ಶಂಕೆಯಿಂದ 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಕಾಫಿಯನ್ನು ನಿಷೇಧಿಸಿದ್ದುಂಟು. ಕೈರೋದ ಸುಲ್ತಾನನ ಆಜ್ಞೆಯಿಂದ ಆ ನಿಷೇಧ ಬಿದ್ದುಹೋಯಿತು. 17ನೇ ಶತಮಾನದಲ್ಲಿ ಬಾಬಾಬುಡನ್ ಅವರು ಯಮನಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಎಚ್ಚರವಾಗಿರಲು ಕುಡಿಯುವ ಪಾನೀಯ ಹೀಗೆ ನಮ್ಮ ಮಲೆಗೆ ಬಂತು. ಎಚ್ಚರ ತಪ್ಪಿಸುವ ಪಾನೀಯವೂ ಕಾಫಿಯ ಹಿಂದೆಯೇ ತೋಟದೊಳಗೆ ಹೊಕ್ಕಿತು.

ಟಿಪ್ಪುವಿನ ನಿಷೇಧ

ಕಾಫಿ ತೋಟಗಳು ಏಳುವ ಮೊದಲೂ ಈ ಸೀಮೆಗೆ ಮದ್ಯ ಹೊಸದಾಗಿರಲಿಲ್ಲ. ಮಲೆನಾಡಿನಲ್ಲಿ ಬಗನಿ ಮರದ ಕಳ್ಳು, ಬಯಲು ಸೀಮೆಯಲ್ಲಿ ಈಚಲು ಮರದ ಹೆಂಡ ಬಹಳ ಹಿಂದಿನಿಂದ ಇದ್ದವು. ಅದನ್ನು ಬಿಡಿಸುವ ದನಿಯೂ ಅಷ್ಟೇ ಹಳೆಯದು. 12ನೇ ಶತಮಾನದ ಶರಣ ಹೆಂಡದ ಮಾರಯ್ಯ ಹೆಂಡ ಮಾರುವ ಕಾಯಕದಿಂದ ಬಂದು ವಚನಕಾರನಾದವನು.

ರಾಜ್ಯದ ಮಟ್ಟದಲ್ಲಿ ಮದ್ಯವನ್ನು ನಿಲ್ಲಿಸಲು ಹೊರಟವನು ಟಿಪ್ಪು ಸುಲ್ತಾನ್. ಅವನ ಆಡಳಿತ ಮದ್ಯ ಮತ್ತು ಇತರ ಅಮಲು ಪದಾರ್ಥಗಳನ್ನು ನಿಷೇಧಿಸಿತು. ತನ್ನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರಿಗೆ ಮಾತ್ರ ಅವರ ಶಿಬಿರದಲ್ಲಿ ವಿನಾಯಿತಿ ಇತ್ತು. ಅದೇ ಟಿಪ್ಪು 1792ರಲ್ಲಿ ಸಕಲೇಶಪುರದ ಬಳಿ ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದ. ಆ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಿಂದ ಅರ್ಧ ರಾಜ್ಯ ಕೈಬಿಟ್ಟಿತ್ತು, 3 ಕೋಟಿ 30 ಲಕ್ಷ ರೂಪಾಯಿ ದಂಡವೂ ಹೆಗಲೇರಿತ್ತು. ಮದ್ಯದ ಆದಾಯವನ್ನು ಬಿಡುವುದು ಯಾವ ದೊರೆಗೂ ಸುಲಭವಲ್ಲ ಎಂಬುದು ಇದರಿಂದ ಅರ್ಥವಾಗುತ್ತದೆ.

1799ರಲ್ಲಿ ಟಿಪ್ಪು ಮಡಿದ. ನಿಷೇಧವೂ ಅವನೊಂದಿಗೆ ಹೋಯಿತು, ಅಬಕಾರಿ ಮರಳಿ ಬಂತು. ಕೋಟೆಯ ಕಲ್ಲು ಉಳಿಯಿತು, ಕಟ್ಟಳೆ ಉಳಿಯಲಿಲ್ಲ. ಇಸ್ಲಾಮಿನ ಇತಿಹಾಸದಲ್ಲಿ ಮದ್ಯ ನಿಷೇಧ ಒಂದೇ ಆಜ್ಞೆಯಲ್ಲಿ ಬರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಪ್ರಯೋಜನಕ್ಕಿಂತ ಕೇಡು ದೊಡ್ಡದೆಂಬ ತಿಳಿವಳಿಕೆ ಮೊದಲು ಬಂತು. ಅಮಲಿನಲ್ಲಿ ನಮಾಝಿಗೆ ನಿಲ್ಲಬಾರದೆಂಬ ಕಟ್ಟಳೆ ನಂತರ ಬಂತು. ಪೂರ್ಣ ನಿಷೇಧ ಕೊನೆಯದು. ಮನಸ್ಸು ಸಿದ್ಧವಾದ ಮೇಲೆ ಬಂದ ಕಾನೂನು ಶತಮಾನಗಳ ಕಾಲ ನಿಂತಿತು.

ತೋಟ, ಬಟವಾಡೆ, ಸಾರಾಯಿ ಅಂಗಡಿ

1843ರಲ್ಲಿ ಗ್ರೀನ್ ಎಂಬ ಇಂಗ್ಲಿಷ್ ಪ್ಲಾಂಟರ್ ದಕ್ಷಿಣ ಮಂಜರಾಬಾದಿನಲ್ಲಿ ಕಾಫಿ ತೋಟ ತೆರೆದ. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿನ ಪ್ಲಾಂಟರ್ ಬದುಕಿನ ಬಗ್ಗೆ 1871 ಮತ್ತು 1894ರಲ್ಲಿ ಪುಸ್ತಕಗಳನ್ನೇ ಬರೆದ. ಕಾಡು ಕಡಿದು ತೋಟ ಮಾಡಲು ಸಾವಿರಾರು ಕೈಗಳು ಬೇಕಾದವು. ಬಯಲು ಸೀಮೆಯಿಂದ ಮತ್ತು ಘಟ್ಟದ ಕೆಳಗಿನಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತಂದರು. ಮುಂಗಡವೆಂದರೆ ಸಾಲ. ಸಾಲ ತೀರುವವರೆಗೆ ಕೂಲಿ ಲೈನುಗಳಲ್ಲಿ ಬದುಕು.

ತಿಂಗಳುಗಟ್ಟಲೆ ಹಿಡಿಯುವ ಮಳೆ, ಜಿಗಣೆ, ಚಳಿಜ್ವರಗಳ ನಡುವೆ ದುಡಿಯುವವನಿಗೆ ವಾರದ ಬಟವಾಡೆ ಮತ್ತು ಸಂತೆಯೇ ಹಬ್ಬ. ಸಂತೆಯ ದಾರಿಯಲ್ಲಿ ಸಾರಾಯಿ ಅಂಗಡಿ. ‘ಚಳಿಗೆ ಒಂದು ಗುಟುಕು’ ಎಂಬ ಮಾತು ಹೀಗೆ ಹುಟ್ಟಿತು. ವೈದ್ಯಶಾಸ್ತ್ರದ ಪ್ರಕಾರ ಅದು ತಪ್ಪು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ದೇಹದೊಳಗಿನ ಶಾಖ ಹೊರಗೆ ಹೋಗುತ್ತದೆ. ಚಳಿಯಲ್ಲಿ ಕುಡಿದು ಬಯಲಲ್ಲಿ ಬಿದ್ದವನಿಗೆ ಅಪಾಯ ಹೆಚ್ಚೇ ಹೊರತು ಕಡಿಮೆಯಲ್ಲ.

ಸರ್ಕಾರ ಸಾರಾಯಿ ಮಾರುವ ಹಕ್ಕನ್ನು ಹರಾಜು ಹಾಕುತ್ತಿತ್ತು. ಹರಾಜಿನಲ್ಲಿ ಹೆಚ್ಚು ಕೂಗಿದ ಗುತ್ತಿಗೆದಾರ ಆ ಹಣವನ್ನು ಮರಳಿ ಪಡೆಯಬೇಕಾದರೆ ಹೆಚ್ಚು ಮಾರಲೇಬೇಕು. ಅಂದರೆ ಹೆಚ್ಚು ಜನ ಕುಡಿಯಲೇಬೇಕು. ಖಜಾನೆಗೆ ಕಂದಾಯ, ಗುತ್ತಿಗೆದಾರನಿಗೆ ಲಾಭ ಬರುತ್ತಿದ್ದವು. ಮೇಸ್ತ್ರಿಗೆ ಸಾಲ ತೀರಿಸಲಾಗದ ಆಳು ಸಿಗುತ್ತಿದ್ದ. ಬಟವಾಡೆಯ ರಾತ್ರಿ ಬರಿಗೈಯಲ್ಲಿ ಬರುವ ಗಂಡನಿಗಾಗಿ ಕಾಯುವುದು ಹೆಂಡತಿಯ ಪಾಲಾಯಿತು. ಈ ಮಲೆಗಳಲ್ಲಿ ಮದ್ಯ ಒಬ್ಬನ ಮೋಜಾಗಿ ಬರಲಿಲ್ಲ, ಹಲವರ ಆದಾಯವಾಗಿ ಬಂತು. ಕುಡಿದವನ ಮೇಲೆ ಮಾತ್ರ ತಪ್ಪು ಹೊರಿಸಿ ಕೈತೊಳೆದುಕೊಳ್ಳುವವರು ಈ ಲೆಕ್ಕವನ್ನು ಮರೆಯಬಾರದು.

ಪಾನನಿರೋಧದ ಏರಿಳಿತ

ಸ್ವಾತಂತ್ರ್ಯ ಹೋರಾಟದಲ್ಲಿ ಹೆಂಡದ ಅಂಗಡಿಗಳ ಮುಂದೆ ಧರಣಿ ಒಂದು ಮುಖ್ಯ ಕಾರ್ಯಕ್ರಮವಾಗಿತ್ತು. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಜನರು ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದರು. ಅದರ ಮುಂದಾಳುಗಳಲ್ಲಿ ಎಸ್. ನಿಜಲಿಂಗಪ್ಪನವರೂ ಒಬ್ಬರು. ಸ್ವತಂತ್ರ ಭಾರತದ ಸಂವಿಧಾನದ 47ನೇ ವಿಧಿ, ಔಷಧದ ಉದ್ದೇಶ ಬಿಟ್ಟು ಉಳಿದಂತೆ ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯಗಳು ಯತ್ನಿಸಬೇಕೆಂದು ನಿರ್ದೇಶಿಸಿತು.

1956ರವರೆಗೆ ನಮ್ಮ ಸೀಮೆ ಎರಡು ಆಡಳಿತಗಳ ಗಡಿಯಾಗಿತ್ತು. ಶಿರಾಡಿ ಘಾಟಿಯ ಕೆಳಗಿನ ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು. 1937ರಲ್ಲಿ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿರೋಧ 1948ರ ವೇಳೆಗೆ ಆ ಪ್ರಾಂತವಿಡೀ ಹಬ್ಬಿತು. ಘಾಟಿಯ ಮೇಲಿನ ಮೈಸೂರು 1948ರಲ್ಲಿ ತನ್ನದೇ ಕಾಯ್ದೆ ಮಾಡಿ ಭಾಗಶಃ ಜಾರಿಗೆ ತಂದಿತು. ಏಕೀಕರಣದ ನಂತರ 1961ರಲ್ಲಿ ಮತ್ತೊಂದು ಕಾಯ್ದೆ ಬಂತು. ಕಾನೂನಿನ ಕಣ್ಣು ತಪ್ಪಿಸಿ ಕಳ್ಳಬಟ್ಟಿ ಬೆಳೆಯಿತು. ಖಜಾನೆಯ ಕೊರತೆಯ ಮಾತೂ ಬೆಳೆಯಿತು. 1967ರಲ್ಲಿ ರಾಜ್ಯ ಪಾನನಿರೋಧವನ್ನು ಕೈಬಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ತುರುವನೂರಿನ ಅದೇ ನಿಜಲಿಂಗಪ್ಪನವರು. ಇದು ಒಬ್ಬ ವ್ಯಕ್ತಿಯ ದೋಷವೆನ್ನುವುದಕ್ಕಿಂತ ಅಬಕಾರಿ ಹಣದ ಬಲ ಎಷ್ಟೆಂಬುದಕ್ಕೆ ಸಾಕ್ಷಿ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ.

ಈ ಕಥೆಯ ಅತ್ಯಂತ ದುಃಖದ ಪುಟ ವಿಷಮದ್ಯದ್ದು. 1981ರ ಜುಲೈನಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು, ಹರಾಜಿನ ಕಾಲವೂ ಪ್ಯಾಕೆಟ್ ಸಾರಾಯಿಯ ಕಾಲವೂ ಮುಗಿಯಿತು. ಆದರೆ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಒಟ್ಟು 150ಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾದರು. ಕೊಂದದ್ದು ಮೆಥನಾಲ್ ಎಂಬ ಕೈಗಾರಿಕಾ ಮದ್ಯಸಾರ. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ಕಣ್ಣಿನ ನರವನ್ನು ಸುಡುತ್ತದೆ, ನಂತರ ಜೀವ ತೆಗೆಯುತ್ತದೆ. ಕೆಲವೇ ಚಮಚ ಸಾಕು. ಬಣ್ಣ, ವಾಸನೆ, ರುಚಿಯಿಂದ ಅದನ್ನು ಗುರುತಿಸಲು ಸಾಧ್ಯವಿಲ್ಲ.

ಓದಲು ಕಲಿತ ಹೆಂಗಸರು

ವಿದ್ಯಾಸಂಸ್ಥೆಯ ಪುಟಗಳಲ್ಲಿ ಮರೆಯದೆ ಬರೆಯಬೇಕಾದ ಘಟನೆ ನೆರೆಯ ಆಂಧ್ರದ್ದು. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಹಗಲಿಡೀ ಕೂಲಿ ಮಾಡಿದ ಹೆಂಗಸರು ರಾತ್ರಿ ಅಕ್ಷರ ಕಲಿತರು. ಅವರ ಪಾಠಪುಸ್ತಕದಲ್ಲಿ ಸಾರಾಯಿಯ ವಿರುದ್ಧ ನಿಂತ ಸೀತಮ್ಮ ಎಂಬ ಹೆಣ್ಣಿನ ಕಥೆಯಿತ್ತು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಓದಿದ್ದನ್ನು ಮಾಡಿಯೇ ತೋರಿಸಿ ತಮ್ಮೂರ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಅದು ರಾಜ್ಯವ್ಯಾಪಿ ಚಳವಳಿಯಾಯಿತು. 1993ರಲ್ಲಿ ಸಾರಾಯಿ ನಿಷೇಧ, 1995ರಲ್ಲಿ ಸಂಪೂರ್ಣ ಪಾನನಿಷೇಧ ಬಂದವು. 1997ರಲ್ಲಿ ಸಂಪೂರ್ಣ ನಿಷೇಧ ಹೋಯಿತು ನಿಜ. ಆದರೆ ಅಕ್ಷರ ಬಲ್ಲ ಕೈಗಳು ಏನು ಮಾಡಬಲ್ಲವು ಎಂಬುದನ್ನು ದೇಶ ಕಂಡಿತು. 2019ರ ಜನವರಿಯಲ್ಲಿ ಕರ್ನಾಟಕದ ಸಾವಿರಾರು ಮಹಿಳೆಯರು ಮದ್ಯನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದದ್ದೂ ಇದೇ ಪರಂಪರೆಯಲ್ಲಿ.

ಇಂದಿನ ವಿದ್ಯಾರ್ಥಿಗೆ

ವಿದ್ಯಾರ್ಥಿ ಮಿತ್ರರೇ, ಅಂದಿನ ತೋಟದ ಆಳಿಗೆ ಇಲ್ಲದ ಎರಡು ಸಂಪತ್ತು ನಿಮಗಿವೆ. ಒಂದು ಆಯ್ಕೆ, ಇನ್ನೊಂದು ತಿಳಿವಳಿಕೆ. ಇಂದು ಮದ್ಯ ಸಾರಾಯಿ ಅಂಗಡಿಯ ರೂಪದಲ್ಲಿ ಬರುವುದಿಲ್ಲ. ಹೋಮ್‌ಸ್ಟೇ ಪಾರ್ಟಿ, ಹುಟ್ಟುಹಬ್ಬ, ಪರೀಕ್ಷೆ ಮುಗಿದ ಸಂಜೆ, ‘ಒಂದೇ ಗುಟುಕು’ ಎಂಬ ಒತ್ತಾಯದ ರೂಪದಲ್ಲಿ ಬರುತ್ತದೆ.

ಮೊದಲು ಕಾನೂನನ್ನು ತಿಳಿಯಿರಿ. ಕರ್ನಾಟಕ ಅಬಕಾರಿ ಕಾಯ್ದೆ 18 ವರ್ಷದೊಳಗಿನವರಿಗೆ ಮದ್ಯ ಮಾರುವುದನ್ನು ತಡೆಯುತ್ತದೆ. 1967ರ ಸನ್ನದು ನಿಯಮಗಳು ಈ ಮಿತಿಯನ್ನು 21 ವರ್ಷಕ್ಕೆ ಏರಿಸಿವೆ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಹೊರಬಂದು, ಸಾರ್ವಜನಿಕರ ವಿರೋಧದಿಂದ ಹಿಂದೆ ಸರಿಯಿತು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸಿದರೆ ಮೊದಲ ಸಲವೇ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಮಂಜು ಮುಸುಕಿದ ಶಿರಾಡಿಯ ತಿರುವುಗಳು ಎಚ್ಚರವಿದ್ದವನನ್ನೇ ಪರೀಕ್ಷಿಸುತ್ತವೆ. ಕುಡಿದವನು ಓಡಿಸುವ ಬೈಕು, ಕಾರು ಹತ್ತಬೇಡಿ. ಅವನ ಕೀಲಿಕೈ ತೆಗೆದಿಟ್ಟುಕೊಳ್ಳಿ. ಕುಡಿದವರನ್ನು ಹೊಳೆ, ಜಲಪಾತಗಳ ನೀರಿಗೆ ಇಳಿಯಲು ಬಿಡಬೇಡಿ.

‘ಜವಾಬ್ದಾರಿಯ ಕುಡಿತ’ ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಸೇರಿಸಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮಿದುಳಿನ ಬೆಳವಣಿಗೆ ಸುಮಾರು 25ನೇ ವಯಸ್ಸಿನವರೆಗೂ ನಡೆಯುತ್ತದೆ. ಆದ್ದರಿಂದ ಕಾಲೇಜು ವಯಸ್ಸಿನಲ್ಲಿ ಕುಡಿಯದಿರುವುದೇ ದೊಡ್ಡ ಜವಾಬ್ದಾರಿ. ಯಾರಾದರೂ ಬಲವಂತದಿಂದ ಕುಡಿಸಿದರೆ ಅದು ರ‍್ಯಾಗಿಂಗ್. ಯುಜಿಸಿಯ 2009ರ ನಿಯಮಗಳು ಅದನ್ನು ನಿಷೇಧಿಸಿವೆ, 1800-180-5522ಕ್ಕೆ ದೂರು ಕೊಡಬಹುದು.

ಇನ್ನು ಜೀವ ಉಳಿಸುವ ವಿಷಯ. ಕುಡಿದ ಗೆಳೆಯ ಅಲುಗಾಡಿಸಿದರೂ ಏಳುತ್ತಿಲ್ಲವೇ? ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಿದೆಯೇ, ಅಥವಾ ನಡುನಡುವೆ ನಿಲ್ಲುತ್ತಿದೆಯೇ? ತುಟಿ ನೀಲಿಗಟ್ಟಿ ಮೈ ತಣ್ಣಗಾಗಿದೆಯೇ? ಪ್ರಜ್ಞೆಯಿಲ್ಲದೆ ವಾಂತಿ ಮಾಡುತ್ತಿದ್ದಾನೆಯೇ? ಇವುಗಳಲ್ಲಿ ಒಂದು ಕಂಡರೂ ಅದು ನಿದ್ದೆಯಲ್ಲ, ವಿಷಪ್ರಭಾವ. ಕೂಡಲೇ 108ಕ್ಕೆ ಕರೆ ಮಾಡಿ. ವಾಂತಿ ಶ್ವಾಸನಾಳಕ್ಕೆ ಇಳಿಯದಂತೆ ಅವನನ್ನು ಒಂದು ಮಗ್ಗುಲಿಗೆ ಮಲಗಿಸಿ. ಒಬ್ಬನನ್ನೇ ಬಿಟ್ಟು ಹೋಗಬೇಡಿ. ತಣ್ಣೀರು ಸುರಿಯಬೇಡಿ, ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಸಬೇಡಿ. ಕಾಫಿ ಕುಡಿಸಿದರೆ ಅಮಲು ಇಳಿಯುತ್ತದೆಂಬ ನಂಬಿಕೆ ಕಾಫಿಯ ನಾಡಿನಲ್ಲೂ ಸುಳ್ಳೇ. ಯಕೃತ್ತು ತನ್ನ ನಿಧಾನದ ಗತಿಯಲ್ಲೇ ಮದ್ಯಸಾರವನ್ನು ಕರಗಿಸುತ್ತದೆ, ಅದನ್ನು ಅವಸರಿಸುವ ಪಾನೀಯ ಯಾವುದೂ ಇಲ್ಲ. ಕುಡಿದ ಕೆಲವು ಗಂಟೆಗಳ ನಂತರ, ಅಥವಾ ಮರುದಿನ, ಕಣ್ಣು ಮಂಜಾದರೆ, ಹೊಟ್ಟೆನೋವು, ಏದುಸಿರು ಕಂಡರೆ ಮೆಥನಾಲ್ ಇರಬಹುದೆಂದು ತಿಳಿದು ಆಸ್ಪತ್ರೆಗೆ ಧಾವಿಸಬೇಕು. ಬೇಗ ಹೋದವರಿಗೆ ಚಿಕಿತ್ಸೆಯಿದೆ.

ಇಲ್ಲಿ ನಮ್ಮ ಸಮುದಾಯ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಎಡವಿದ ಹುಡುಗನಿಗೆ ಸಾವಿನ ಭಯಕ್ಕಿಂತ ಮನೆಗೆ, ಮೊಹಲ್ಲಾಕ್ಕೆ ಗೊತ್ತಾಗುವ ಭಯ ದೊಡ್ಡದಾದರೆ ಅವನ ಗೆಳೆಯರು ಬಾಗಿಲು ಹಾಕಿಕೊಂಡು ಬೆಳಗಾಗಲೆಂದು ಕಾಯುತ್ತಾರೆ. ಆ ಕಾಯುವಿಕೆಯಲ್ಲೇ ಜೀವ ಹೋಗಬಹುದು. ಪಾಪವನ್ನು ಪಾಪವೆನ್ನೋಣ, ಆದರೆ ಜೀವ ಉಳಿಸುವುದನ್ನು ಮೊದಲು ಮಾಡೋಣ. ‘ಏನೇ ಆಗಿರಲಿ, ಯಾವ ಹೊತ್ತೇ ಆಗಿರಲಿ, ಮೊದಲು ಫೋನ್ ಮಾಡು’ ಎಂದು ಪ್ರತಿ ತಂದೆತಾಯಿಯೂ ಮಗನಿಗೆ, ಮಗಳಿಗೆ ಹೇಳಿರಲಿ. ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದವರನ್ನು ಸತಾಯಿಸದಂತೆ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ರಕ್ಷಣೆ ಕೊಟ್ಟಿದೆ. ಆದ್ದರಿಂದ ನೆರವಾಗಲು ಹಿಂಜರಿಯುವ ಕಾರಣವಿಲ್ಲ.

ಚಟಕ್ಕೆ ಬಿದ್ದವನು ರೋಗಿಯೂ ಹೌದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗವಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಹಳ್ಳಿಗಳಲ್ಲಿ ನಡೆದಿವೆ. ವ್ಯಸನಮುಕ್ತಿಗೆ 14446, ಮಾನಸಿಕ ನೆರವಿಗೆ 14416 ಎಂಬ ಸರ್ಕಾರಿ ಸಹಾಯವಾಣಿಗಳಿವೆ. ಈ ಸಂಖ್ಯೆಗಳನ್ನು ಹಾಸ್ಟೆಲಿನ ಗೋಡೆಯ ಮೇಲೆ ಬರೆದಿಡುವುದು ಸಣ್ಣ ಕೆಲಸ, ಆದರೆ ಉಪಯುಕ್ತ ಕೆಲಸ.

ಟಿಪ್ಪುವಿನ ಆಜ್ಞೆ 1799ಕ್ಕೆ ನಿಂತಿತು, ನಮ್ಮ ರಾಜ್ಯದ ಪಾನನಿರೋಧ 1967ಕ್ಕೆ ನಿಂತಿತು. ಯಾವ ಸರ್ಕಾರ ಬಂದರೂ ಅಬಕಾರಿಯ ಲೆಕ್ಕ ನಡೆಯುತ್ತಲೇ ಇರುತ್ತದೆ. ದೂಬಗುಂಟದ ಹೆಂಗಸರಿಗೆ ಒಂದು ಪಾಠ ಸಾಕಾಯಿತು. ಪದವಿಯವರೆಗೆ ಓದುವ ನಾವು ಅಷ್ಟನ್ನಾದರೂ ನಮ್ಮ ಮನೆ, ಹಾಸ್ಟೆಲು, ತೋಟದ ಲೈನುಗಳಿಗೆ ತಲುಪಿಸಿದರೆ ಓದಿದ್ದು ಸಾರ್ಥಕ.